ಎಡ-ಬಲ ಬಿಟ್ಟು ದಾರಿ ಹೇಳುವ ಊರು

ಕಬ್ಬಿನ ಹಂಗಾಮಿನಲ್ಲಿ ಫೀಲ್ಡ್‌ಮನ್ ಕೆಲಸ ಮಾಡುವ ನನಗೆ ದಾರಿ ಹೇಳುವುದೇ ಅರ್ಧ ದುಡಿಮೆ. ಕಡಿಯುವ ಗ್ಯಾಂಗಿನವರು ಹೊರಗಿನವರು, ಟ್ರ್ಯಾಕ್ಟರ್ ಡ್ರೈವರ್ ಬೀಳಗಿಯವನು, ಹೊಲದ ಒಡೆಯ ಜಮಖಂಡಿ ಪೇಟೆಯಲ್ಲಿ. ಫೋನಿನಲ್ಲಿ "ಕೆನಾಲ್ ದಾಟಿ ಎಡಕ್ಕ ಹೊಳ್ರಿ" ಅಂದರೆ ಮುಧೋಳದಿಂದ ಬಂದವನು ಪಡುವಲಕ್ಕೆ ಹೋಗುತ್ತಾನೆ, ಜಮಖಂಡಿಯಿಂದ ಬಂದವನು ಮೂಡಲಕ್ಕೆ. ಅದಕ್ಕೇ ನಮ್ಮ ಹಿರಿಯರು ಹೊಲದ ಮಾತಿಗೆ ಎಡ-ಬಲ ತರುವುದಿಲ್ಲ. "ಬಾವಿಯಿಂದ ಮೂಡಲಕ ಹೋಗ್ರಿ, ಬಡಗಲ ಬದುವಿನಿಂದ ಕಡಿಯಾಕ ಹಚ್ರಿ" ಅನ್ನುತ್ತಾರೆ. ಯಾರು ಎತ್ತ ಮುಖ ಮಾಡಿ ನಿಂತರೂ ಬಡಗಲ ಬದು ಬಡಗಲದಲ್ಲೇ ಇರುತ್ತದೆ. ಖರೀದಿ ಪತ್ರದ ಚಕ್ಕುಬಂದಿಯನ್ನು ದಿಕ್ಕು ಹಿಡಿದು ಬರೆಯುವುದೂ ಇದೇ ಕಾರಣಕ್ಕೆ.

ನಮ್ಮ ನೆಲವೂ ಇದಕ್ಕೆ ಒತ್ತಾಸೆಯಾಗಿದೆ. ಬಡಗಲಕ್ಕೆ ಕೃಷ್ಣೆ, ತೆಂಕಲಕ್ಕೆ ಘಟಪ್ರಭೆ. ಎರಡೂ ಮೂಡಲಕ್ಕೆ ಹರಿದು ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಹೊಳೆ ಹರಿಯುವತ್ತ ಮುಖ ಮಾಡಿದಾಗ ಎಡಕ್ಕೆ ಬರುವುದು ಎಡದಂಡೆ. ಹಾಗಾಗಿ ಘಟಪ್ರಭಾ ಎಡದಂಡೆ ಕಾಲುವೆ ಹೊಳೆಯ ಬಡಗಲಕ್ಕೇ ಇದೆ. ಜಮಖಂಡಿಯಲ್ಲಿ "ಬ್ಯಾರೇಜ್ ಕಡೆ" ಅಂದರೂ ಬಡಗಲವೇ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಕೂಡಿ ಕೃಷ್ಣೆಗೆ ಕಟ್ಟಿದ ಬ್ಯಾರೇಜ್ ಅದು.

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಮಾತ್ರ ರೀತಿ ಬೇರೆ. ಇಕ್ಕಟ್ಟಾದ ಓಣಿ ಹತ್ತು ಕಡೆ ತಿರುಗುವುದರಿಂದ ಅಲ್ಲಿ ಕಾಡಸಿದ್ಧೇಶ್ವರ ಗುಡಿ, ಬಸ್‌ಸ್ಟ್ಯಾಂಡು, ಮಗ್ಗದ ಸಪ್ಪಳವೇ ಗುರುತು. ಓಣಿ ಸಿಕ್ಕ ಮೇಲೆ ಮತ್ತೆ "ಮೂಡಲ ಬಾಗಿಲ ಮನಿ" ಅನ್ನುತ್ತಾರೆ.

ಇಂಗ್ಲಿಷ್ ಮಾತಾಡುವವರೆಲ್ಲ ಎಡ-ಬಲವನ್ನೇ ನೆಚ್ಚಿದವರು ಎಂದು ಮೊಬೈಲ್ ಮ್ಯಾಪಿನ ದನಿ ಕೇಳಿದರೆ ಅನ್ನಿಸೀತು. ಲಂಡನ್ನಿನಂಥ ಅಂಕುಡೊಂಕು ಬೀದಿಗಳ ಊರಿಗೆ ಅದು ಸರಿ. ಆದರೆ ಅಮೆರಿಕದ ನಡುನಾಡಿನ ರೈತ ನಮ್ಮ ಹಾಗೆಯೇ "ಎರಡು ಮೈಲಿ ಉತ್ತರಕ್ಕೆ, ಆಮೇಲೆ ಪೂರ್ವಕ್ಕೆ" ಅನ್ನುತ್ತಾನೆ. 1785ರ ಭೂಕಾಯ್ದೆಯ ಅಳತೆಯಂತೆ ಅಲ್ಲಿನ ನೆಲವನ್ನು ಮೈಲಿ ಚೌಕಗಳಾಗಿ ಕತ್ತರಿಸಿದರು. ರಸ್ತೆಗಳೂ ಆ ಗೆರೆ ಹಿಡಿದೇ ಬಂದವು. ಹೊನೊಲುಲುವಿನಲ್ಲಿ ಇಂಗ್ಲಿಷ್ ಮಾತಿನ ನಡುವೆಯೇ ಹವಾಯಿ ನುಡಿಯ 'ಮೌಕಾ', 'ಮಕಾಯ್' ಬರುತ್ತವೆ: ಗುಡ್ಡದ ಕಡೆ, ಕಡಲ ಕಡೆ. ಸುತ್ತಲೂ ನೀರಿರುವ ದ್ವೀಪದಲ್ಲಿ ಅದಕ್ಕಿಂತ ಗಟ್ಟಿ ಗುರುತು ಯಾವುದು?

ಮ್ಯಾಪ್ ರಸ್ತೆಯವರೆಗೆ ಸಾಕು. ಆಳೆತ್ತರ ಮೀರಿದ ಕಬ್ಬಿನೊಳಗೆ ಗುಡಿಯೂ ಕಾಣದು, ಗುಡ್ಡವೂ ಕಾಣದು. ಅದಕ್ಕೆ ಹೊಸ ಹುಡುಗರಿಗೆ ನಾನು ಮೊದಲು ನೆರಳು ನೋಡುವುದನ್ನು ಕಲಿಸುತ್ತೇನೆ. ಡಿಸೆಂಬರಿನಲ್ಲಿ ಸೂರ್ಯ ತೆಂಕಲಕ್ಕೆ ವಾಲಿರುತ್ತಾನೆ. ನಡುಮಧ್ಯಾಹ್ನ ನಮ್ಮ ನೆರಳು ನೇರ ಬಡಗಲಕ್ಕೆ, ಆಳುದ್ದಕ್ಕಿಂತ ತುಸು ಗಿಡ್ಡಾಗಿ ಬೀಳುತ್ತದೆ. ಅದನ್ನು ಹಿಡಿದು ನಡೆದರೆ ಬಡಗಲ ಬದು ಸಿಕ್ಕೇ ಸಿಗುತ್ತದೆ.