ಆಲ್‌ದೋ ಇದ್ದಲ್ಲಿ ಬಟ್ ಯಾಕೆ?

ಸಿಂಧನೂರೂ ಲಿಂಗಸುಗೂರೂ ಮಸ್ಕಿಯೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಇಲ್ಲಿ ಪ್ರತಿ ಹೆಸರಿಗೂ ‘ಊ’ ಅಂಟಿದೆ; ಇಂಗ್ಲಿಷಿನಲ್ಲಿ ಕೊನೆಯ ಹೆಸರಿಗೆ ಮುಂಚೆ ಒಂದೇ ‘ಆ್ಯಂಡ್’ ಸಾಕು. ಇದು ಸುಲಭ.

‘ಮಳೆ ಬಂದರೂ ಬಸ್ ಬಂತು’ ಎನ್ನುವಾಗ ಎರಡು ಮಾತನ್ನು ಜೋಡಿಸುವುದು ಆ ‘ಬಂದರೂ’ ಒಂದೇ. ಕನ್ನಡ ಮಾಧ್ಯಮದಿಂದ ಬಂದ ನಾವು ಮಾತ್ರ ಇಂಗ್ಲಿಷಿನಲ್ಲಿ ‘ಆಲ್‌ದೋ’ ಹಾಕಿ, ನಡುವೆ ‘ಬಟ್’ ಕೂಡ ತುರುಕುತ್ತೇವೆ. ಎರಡರಲ್ಲಿ ಒಂದನ್ನು ಬಿಡಬೇಕು. ‘ಬಿಕಾಸ್’, ‘ಸೋ’ ಜೋಡಿಯೂ ಹಾಗೆಯೇ.

ನಿಜವಾದ ಅಪಾಯ ‘ಅನ್‌ಲೆಸ್’ನದು. ‘ಸ್ವಿಚ್ ಆಫ್ ಆಗದ ಹೊರತು ವೈರ್ ಮುಟ್ಟಬೇಡಿ’ ಎಂಬಲ್ಲಿ ‘ಆಗದ’ ಎಂಬ ನಿಷೇಧವಿದೆ. ಇಂಗ್ಲಿಷಿನಲ್ಲಿ ಆ ನಿಷೇಧ ‘ಅನ್‌ಲೆಸ್’ ಒಳಗೇ ಅಡಗಿದೆ. ಅದು ತಿಳಿಯದೆ ಲ್ಯಾಬ್ ರೆಕಾರ್ಡಿನಲ್ಲಿ ‘ಅನ್‌ಲೆಸ್ ದ ಸ್ವಿಚ್ ಈಸ್ ನಾಟ್ ಆಫ್’ ಎಂದು ಬರೆದರೆ ಅರ್ಥವೇ ಉಲ್ಟಾ: ಕರೆಂಟ್ ಇದ್ದಾಗಲೇ ಮುಟ್ಟಿ!