ಹಾಲು ಕುಡಿಯುವಾಗ ದಣಿಯುವ ಕೂಸು

ನಿಮ್ಮ ಕೂಸು ಎರಡು ಗುಟುಕು ಹಾಲಿಗೇ ಏದುಸಿರು ಬಿಡುತ್ತದೆಯೇ? ಹಣೆ ಬೆವರುತ್ತದೆಯೇ? ತೂಕ ಏರದೆ, ಮೇಲಿಂದ ಮೇಲೆ ನ್ಯುಮೋನಿಯಾ ಎಂದು ದವಾಖಾನೆಗೆ ಓಡಾಡುತ್ತಿದ್ದೀರಾ? ಹಾಗಿದ್ದರೆ ದೋಷ ಶ್ವಾಸಕೋಶದ್ದಲ್ಲದೆ ಹೃದಯದ್ದೂ ಆಗಿರಬಹುದು.

ದೇಹವನ್ನೆಲ್ಲ ಸುತ್ತಿ ಬಂದ ರಕ್ತ ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಆಮ್ಲಜನಕ ಪಡೆದು, ನಾಲ್ಕು ಅಭಿಧಮನಿಗಳ ಮೂಲಕ ಎಡ ಹೃತ್ಕರ್ಣವನ್ನು ಸೇರಿ, ಮೈಯೆಲ್ಲ ಹರಡುತ್ತದೆ. ಕೆಲವು ಶಿಶುಗಳಲ್ಲಿ ಗರ್ಭದಲ್ಲಿರುವಾಗಲೇ ಈ ಜೋಡಣೆ ತಪ್ಪಿ, ನಾಲ್ಕೂ ನಾಳಗಳು ಬಲಭಾಗಕ್ಕೇ ಕೂಡಿಕೊಳ್ಳುತ್ತವೆ. ಕಾಲುವೆಯ ನೀರು ಹೊಲಕ್ಕೆ ಬಾರದೆ ತಿರುಗಿ ಹೊಳೆಗೇ ಹರಿದಂತೆ! ವೈದ್ಯರು ಇದನ್ನು 'ಟಿಎಪಿವಿಸಿ' ಎನ್ನುತ್ತಾರೆ. ಹೃದಯದ ಮೇಲ್ಕೋಣೆಗಳ ನಡುವೆ ತೂತಿದ್ದರೆ ಮಾತ್ರ ಸ್ವಲ್ಪ ರಕ್ತ ಎಡಕ್ಕೆ ದಾಟುತ್ತದೆ. 'ಹೃದಯದಲ್ಲಿ ತೂತು' ಎಂದರೆ ಎದೆ ಒಡೆದುಕೊಳ್ಳುತ್ತೇವೆ. ಈ ಕೂಸುಗಳನ್ನು ಉಳಿಸಿರುವುದೇ ಆ ತೂತು.

ತುಟಿ, ನಾಲಿಗೆ ನೀಲಿಗಟ್ಟುವುದು ಮುಖ್ಯ ಲಕ್ಷಣ. ಆದರೆ ಕಪ್ಪು ಮೈಬಣ್ಣದ ಮಗುವಿನಲ್ಲಿ ಅದು ತಟ್ಟನೆ ಕಾಣದು. ಬೆಳಕಿನಲ್ಲಿ ನಾಲಿಗೆ ನೋಡಿ. ಬೆರಳಿಗೋ ಪಾದಕ್ಕೋ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 95ಕ್ಕಿಂತ ಕಡಿಮೆ ತೋರಿಸುತ್ತಿದ್ದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿ. ಎಕೋ ಪರೀಕ್ಷೆಯಿಂದ ದೋಷ ತಿಳಿಯುತ್ತದೆ, ನೋವಿಲ್ಲ, ಸೂಜಿಯಿಲ್ಲ. ಉಬ್ಬಸವೆಂದು ಹೊಟ್ಟೆಗೆ ಬರೆ ಹಾಕಿಸುವವರು ಇನ್ನೂ ಇದ್ದಾರೆ. ಅದರಿಂದ ಕೂಸಿಗೆ ಸುಟ್ಟಗಾಯವೊಂದೇ ಲಾಭ.

ಔಷಧಿಯಿಂದ ನಾಳದ ದಾರಿ ಬದಲಾಗದು, ಶಸ್ತ್ರಚಿಕಿತ್ಸೆಯೇ ಆಗಬೇಕು. ಹೃದಯ-ಶ್ವಾಸಕೋಶ ಯಂತ್ರ ರಕ್ತ ಹರಿಸುತ್ತಿರುವಾಗ, ಹೃದಯದ ಹಿಂದೆ ಕೂಡಿರುವ ನಾಳವನ್ನು ಎಡ ಹೃತ್ಕರ್ಣಕ್ಕೆ ಹೊಲಿದು, ತಪ್ಪುದಾರಿಯನ್ನೂ ತೂತನ್ನೂ ಮುಚ್ಚುತ್ತಾರೆ. ನಾಳ ಎಲ್ಲಾದರೂ ಒತ್ತಿಕೊಂಡಿದ್ದರೆ ಹುಟ್ಟಿದ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಗಂಟೆಗಳಲ್ಲೇ, ಇದು ನಡೆಯಬೇಕಾಗುತ್ತದೆ. ಇಲ್ಲದಿದ್ದರೂ ಮೊದಲ ತಿಂಗಳುಗಳು ಮೀರಬಾರದು. 'ಸ್ವಲ್ಪ ದೊಡ್ಡದಾಗಲಿ' ಎಂಬ ಹಿರಿಯರ ಮಾತು ಇಲ್ಲಿ ಸಲ್ಲದು. ಚಿಕಿತ್ಸೆಯಿಲ್ಲದೆ ಇಂಥ ಹೆಚ್ಚಿನ ಶಿಶುಗಳು ವರ್ಷ ತುಂಬುವುದಿಲ್ಲ.

ಕರೋಶಿಯಂಥ ಊರಿನವರಿಗೆ ಖರ್ಚಿನದೇ ಚಿಂತೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜನ್ಮಜಾತ ಹೃದ್ರೋಗವೂ ಸೇರಿದೆ. ಆಶಾ ಕಾರ್ಯಕರ್ತೆಯನ್ನೋ ಚಿಕ್ಕೋಡಿಯ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನೋ ಕೇಳಿ. ಬೆಳಗಾವಿಯ ಕೆಎಲ್‌ಇ ಆಸ್ಪತ್ರೆ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಿಗೆ ಕಳುಹಿಸುವ ವ್ಯವಸ್ಥೆ, ಹಣದ ನೆರವಿನ ದಾರಿ ಅಲ್ಲೇ ತಿಳಿಯುತ್ತದೆ.

ಗುಣವಾದ ಮಕ್ಕಳು ಉಳಿದವರಂತೆಯೇ ಆಡಿ ಬೆಳೆಯುತ್ತಾರೆ. ಆದರೆ ಕೆಲವರಲ್ಲಿ ಹೊಲಿದ ಜಾಗ ಮೊದಲ ವರ್ಷದೊಳಗೇ ಮತ್ತೆ ಕಿರಿದಾಗುವುದುಂಟು. ಮಗು ಗೆಲುವಾಗಿದ್ದರೂ ಹೇಳಿದ ದಿನಕ್ಕೆ ಎಕೋ ಮಾಡಿಸಿ.