ಮರಳಿ ಬಂದ ಪತ್ರ

ಗುಬ್ಬಿಯ ಅಡಿಕೆ ವರ್ತಕರೊಬ್ಬರು ತಮ್ಮ ಅಂಗಡಿಯ ಸರ್ವರಿನಿಂದ ತುಮಕೂರು, ಕುಣಿಗಲುಗಳ ಗಿರಾಕಿಗಳಿಗೆ ಇ-ಮೇಲ್ ಮೂಲಕ ಬಿಲ್ಲುಗಳನ್ನು ಕಳುಹಿಸುತ್ತಾರೆಂದು ಭಾವಿಸೋಣ. ಬಿಲ್ಲು ತಲುಪದಿದ್ದರೆ ಹಣವೂ ಬಾರದು. ಆದುದರಿಂದ ಮರಳಿ ಬಂದ ಪತ್ರವನ್ನು ಅಳಿಸದೆ ಓದಬೇಕು. ಅಂಚೆಯಲ್ಲಿ ಹಿಂದಿರುಗಿದ ಲಕೋಟೆಯ ಮೇಲೆ ಕಾರಣವನ್ನು ಬರೆದಿರುವಂತೆ, ಇದರಲ್ಲಿಯೂ ಮೂರಂಕಿಯ ಸಂಖ್ಯೆಯೊಂದಿರುತ್ತದೆ. ಅಮೆರಿಕದ ವಿಜ್ಞಾನಿ ಜಾನ್ ಪೋಸ್ಟೆಲ್ 1982ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿಯೇ ಈ ಸಂಕೇತಗಳಿವೆ.

ಸಂಖ್ಯೆಯ ಮೊದಲಂಕಿ 4 ಆದರೆ ಅಡಚಣೆ ತಾತ್ಕಾಲಿಕ. ಸರ್ವರು ತಾನೇ ಮತ್ತೆ ಪ್ರಯತ್ನಿಸುವುದು. 5 ಆದರೆ ಅದು ನಿರಾಕರಣೆ, ದೋಷವನ್ನು ತಿದ್ದಲೇಬೇಕು. 550 ಎಂದಿದ್ದರೆ ಮೊದಲು ವಿಳಾಸದ ಅಕ್ಷರಗಳನ್ನು ನೋಡಬೇಕು. ಅವು ಸರಿಯಿದ್ದರೆ, ಅಂಗಡಿಯ ಹೆಸರಿನಲ್ಲಿ ಯಾವ ಸರ್ವರು ಪತ್ರ ಕಳುಹಿಸಬಹುದೆಂದು ತಿಳಿಸುವ ಎಸ್‌ಪಿಎಫ್ ದಾಖಲೆಯನ್ನು ಪರಿಶೀಲಿಸಬೇಕು.

ಕಾರಣವನ್ನರಿಯದೆ ಹತ್ತು ಬಾರಿ ಕಳುಹಿಸುವುದಕ್ಕಿಂತ ಅರಿತು ಒಮ್ಮೆ ಕಳುಹಿಸುವುದು ಲೇಸು.